ಮನೆ ಕಳೆದುಕೊಂಡವರು ಕಟ್ಟಿದ ಬಂದರು

ಗ್ರೀಸಿನ ಸೀರೋಸ್ ದ್ವೀಪದ ಪೂರ್ವ ದಡದಲ್ಲಿ ಗಾಳಿಯ ಹೊಡೆತಕ್ಕೆ ಸಿಗದ, ಆಳವಾದ ಒಂದು ಕೊಲ್ಲಿಯಿದೆ. 1821ರವರೆಗೂ ಅದರ ದಡದಲ್ಲಿ ಊರು ಅನ್ನಬಹುದಾದದ್ದು ಏನೂ ಇರಲಿಲ್ಲ. ದ್ವೀಪದ ಜನವೆಲ್ಲ ಇದ್ದದ್ದು ಮೇಲೆ, ಗುಡ್ಡದ ನೆತ್ತಿಯ ಆನೊ ಸೀರೋಸ್‌ನಲ್ಲಿ. ಏಜಿಯನ್ ಸಮುದ್ರದಲ್ಲಿ ಕಡಲುಗಳ್ಳರ ಕಾಟ ಶತಮಾನಗಳಿಂದ ಇದ್ದದ್ದೇ. ಹಾಗಾಗಿ ಅಂಚಿನ ಮನೆಗಳನ್ನು ಒಂದಕ್ಕೊಂದು ಅಂಟಿಸಿ, ಹಿಂಬದಿಯ ಗೋಡೆಗಳೇ ಕೋಟೆಯಾಗುವಂತೆ ಊರು ಕಟ್ಟಿಕೊಂಡಿದ್ದರು. ಒಳಗೆ ಹೋಗಲು ಕಮಾನು ಬಾಗಿಲುಗಳು, ಎರಡಾಳು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ಮೆಟ್ಟಿಲು ಓಣಿಗಳು, ತುತ್ತತುದಿಯಲ್ಲಿ ಸಂತ ಜಾರ್ಜನ ಚರ್ಚು.

ಆನೊ ಸೀರೋಸ್‌ನವರು ಗ್ರೀಕ್ ಮಾತಾಡುವ ಕ್ಯಾಥೊಲಿಕರು. 13ನೇ ಶತಮಾನದಲ್ಲಿ ವೆನಿಸ್ಸಿನವರು ಈ ದ್ವೀಪಗಳನ್ನು ಹಿಡಿದ ಕಾಲದಿಂದ ಬಂದ ನಂಬಿಕೆ ಅದು. ಸುತ್ತಲಿನ ದ್ವೀಪಗಳಲ್ಲಿ ಹೆಚ್ಚಿನವರು ಆರ್ಥೊಡಾಕ್ಸ್ ಪಂಥದವರು, ಆಳುತ್ತಿದ್ದವರು ಒಟ್ಟೊಮನ್ ತುರ್ಕರು. ಇವರಿಬ್ಬರ ನಡುವೆ ಇದ್ದ ಸಣ್ಣ ಕ್ಯಾಥೊಲಿಕ್ ಸಮುದಾಯಕ್ಕೆ ಫ್ರಾನ್ಸಿನ ರಾಜ ರಕ್ಷಕನಾಗಿ ನಿಂತಿದ್ದ. ಕಪೂಚಿನ್ ಪಾದ್ರಿಗಳು 1635ರಲ್ಲಿ ಬಂದು ಮಠ ಕಟ್ಟಿದರು, ಆಮೇಲೆ ಜೆಸ್ಯೂಟರೂ ಬಂದರು. 1821ರಲ್ಲಿ ಗ್ರೀಕರು ಒಟ್ಟೊಮನ್ ಆಳ್ವಿಕೆಯ ವಿರುದ್ಧ ದಂಗೆ ಎದ್ದಾಗ ಆನೊ ಸೀರೋಸ್ ಆ ಕಡೆಗೂ ಸೇರಲಿಲ್ಲ, ಈ ಕಡೆಗೂ ಸೇರಲಿಲ್ಲ. ಸುಲ್ತಾನನಿಗೆ ಕೊಡುವ ತೆರಿಗೆ ಕೊಟ್ಟುಕೊಂಡು, ಫ್ರೆಂಚ್ ರಕ್ಷಣೆಯನ್ನು ನೆಚ್ಚಿಕೊಂಡು ತನ್ನ ಪಾಡಿಗೆ ತಾನಿತ್ತು. ಯುದ್ಧ ಸುಟ್ಟುಹಾಕುತ್ತಿದ್ದ ಸಮುದ್ರದ ನಡುವೆ ಅದೊಂದು ಸುರಕ್ಷಿತ ದಡವಾಗಿ ಉಳಿಯಿತು.

ಆ ದಡಕ್ಕೆ ಜನ ಬರತೊಡಗಿದರು. ಮೊದಲು ಏಷ್ಯಾ ಮೈನರಿನ ಸ್ಮಿರ್ನಾ ಮತ್ತು ಐವಾಲಿಕ್ ಕಡೆಯವರು. 1822ರ ವಸಂತದಲ್ಲಿ ಖಿಯೋಸ್ ದ್ವೀಪ ಹೊತ್ತಿ ಉರಿಯಿತು. ಮರದ ಅಂಟು, ರೇಷ್ಮೆ, ಕಿತ್ತಳೆ ತೋಟಗಳಿಂದ ಉಣ್ಣುತ್ತಿದ್ದ, ಶಾಲೆ ಗ್ರಂಥಾಲಯಗಳಿಗೆ ಹೆಸರಾದ ಶ್ರೀಮಂತ ದ್ವೀಪ ಅದು. ದಂಗೆಕೋರರ ಒಂದು ತಂಡ ಅಲ್ಲಿಗೆ ಬಂದಿಳಿದದ್ದೇ ನೆವವಾಗಿ ಒಟ್ಟೊಮನ್ ಪಡೆ ಹತ್ತಾರು ಸಾವಿರ ಜನರನ್ನು ಕೊಂದಿತು. ಹತ್ತಾರು ಸಾವಿರ ಜನರನ್ನು ಗುಲಾಮರನ್ನಾಗಿ ಸಾಗಿಸಿ ಸಂತೆಗಳಲ್ಲಿ ಮಾರಿದರು. ಫ್ರೆಂಚ್ ಚಿತ್ರಕಾರ ದೆಲಕ್ರುವಾ 1824ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿಸಿದ ಖಿಯೋಸ್ ಹತ್ಯಾಕಾಂಡದ ದೊಡ್ಡ ಚಿತ್ರ ಇವತ್ತೂ ಲೂವ್ರ್ ಸಂಗ್ರಹಾಲಯದಲ್ಲಿದೆ. ಆ ಚಿತ್ರ ಜಗತ್ತಿಗೆ ಗೊತ್ತು. ಅದರೊಳಗಿನ ಜನರಲ್ಲಿ ಬದುಕಿ ಉಳಿದವರು ಎಲ್ಲಿಗೆ ಹೋದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಸಿಕ್ಕಿದ ದೋಣಿ ಹತ್ತಿ ಬಂದು ಸೇರಿದ್ದು ಸೀರೋಸ್‌ನ ಈ ಬರಿದಾದ ದಡಕ್ಕೆ.

ಎರಡು ವರ್ಷದ ನಂತರ ಪ್ಸಾರಾ ದ್ವೀಪದ ಸರದಿ. ಪುಟ್ಟ ಬಂಡೆಗಲ್ಲಿನ ದ್ವೀಪವಾದರೂ ಪ್ಸಾರಾದ ನಾವಿಕರೆಂದರೆ ಒಟ್ಟೊಮನ್ ನೌಕಾಪಡೆ ಹೆದರುತ್ತಿತ್ತು. ಖಿಯೋಸ್‌ನ ಸೇಡಿಗೆ ಮದ್ದು ತುಂಬಿದ ಬೆಂಕಿದೋಣಿ ನುಗ್ಗಿಸಿ ತುರ್ಕರ ಪ್ರಧಾನ ಯುದ್ಧನೌಕೆಯನ್ನೇ ಸುಟ್ಟ ಕಾನ್ಸ್ಟಾಂಟಿನೋಸ್ ಕನಾರಿಸ್ ಪ್ಸಾರಾದವನು. 1824ರ ಬೇಸಿಗೆಯಲ್ಲಿ ಅದಕ್ಕೆ ಪ್ರತೀಕಾರ ಬಂತು. ದ್ವೀಪ ಬರಿದಾಯಿತು. ಉಳಿದವರು ಮತ್ತೆ ಇದೇ ಕೊಲ್ಲಿಗೆ ಬಂದರು.

ಬಂದವರಿಗೆ ನೆಲ ಇರಲಿಲ್ಲ. ದಡದ ಜಾಗವೆಲ್ಲ ಮೇಲಿನ ಊರಿನ ಕ್ಯಾಥೊಲಿಕರದ್ದು. ಹಲಗೆ, ಹಾಯಿಬಟ್ಟೆ, ಮುರಿದ ಹಡಗಿನ ಮರ ಇಟ್ಟುಕೊಂಡು ಗುಡಿಸಲು ಹಾಕಿಕೊಂಡರು. ಜಾಗದ ತಕರಾರು, ನೀರಿನ ತಕರಾರು, ಪಂಥದ ತಕರಾರು ಎಲ್ಲವೂ ಶುರುವಾದವು. ಮೇಲಿನವರಿಗೆ ಕೆಳಗಿನವರು ದಂಗೆಯನ್ನು ಹೊತ್ತು ತಂದವರು. ಕೆಳಗಿನವರಿಗೆ ಮೇಲಿನವರು ಸುಲ್ತಾನನಿಗೆ ತೆರಿಗೆ ಕಟ್ಟುವವರು. ಆದರೂ ದೊಡ್ಡ ರಕ್ತಪಾತವಿಲ್ಲದೆ ಎರಡು ಊರುಗಳೂ ಪಕ್ಕಪಕ್ಕದಲ್ಲೇ ಉಳಿದುಕೊಂಡವು. ಈ ಊರಿನ ಸಾಧನೆಗಳ ಪಟ್ಟಿಯಲ್ಲಿ ಇದನ್ನೇ ಮೊದಲು ಬರೆಯಬೇಕು.

ನಿರಾಶ್ರಿತರು ಗಟ್ಟಿಯಾಗಿ ಕಟ್ಟಿದ ಮೊದಲ ಕಟ್ಟಡ ಒಂದು ಚರ್ಚು. 1826ರಲ್ಲಿ ಅಲ್ಲಿ ಸಭೆ ಸೇರಿ ತಮ್ಮ ಊರಿಗೆ ಒಂದು ಹೆಸರಿಟ್ಟುಕೊಂಡರು. ವ್ಯಾಪಾರಕ್ಕೆ ಅಧಿದೇವತೆಯಾದ ಹರ್ಮಿಸ್‌ನ ಹೆಸರಿನಲ್ಲಿ ಎರ್ಮೂಪೊಲಿ. ಅದನ್ನು ಸೂಚಿಸಿದವನು ಖಿಯೋಸ್‌ನ ವರ್ತಕ ಲೂಕಾಸ್ ರಾಲಿಸ್. ಬಿಟ್ಟು ಬಂದ ಊರುಗಳ ಹೆಸರನ್ನು ಓಣಿಗಳಿಗೆ ಕೊಟ್ಟುಕೊಂಡರು: ಪ್ಸಾರಾದವರ ಕೇರಿ ಪ್ಸಾರಿಯಾನಾ, ಖಿಯೋಸ್‌ನ ವ್ರೊಂಟಾಡೋಸ್ ಊರಿನವರು ನೆಲೆಸಿದ ಗುಡ್ಡ ವ್ರೊಂಟಾಡೊ. 1828ರ ಹೊತ್ತಿಗೆ ಇಲ್ಲಿನ ಜನಸಂಖ್ಯೆ ಸುಮಾರು 13,800. ಆಗ ಅಥೆನ್ಸ್ ಪಾಳುಬಿದ್ದ ಊರು. ಅದರ ಆಕ್ರೊಪೊಲಿಸ್ ಕೋಟೆಯಿಂದ ಒಟ್ಟೊಮನ್ ಕಾವಲು ಪಡೆ ಹೊರಟದ್ದೇ 1833ರಲ್ಲಿ.

ಗುಡಿಸಲುಗಳ ಬಿಡಾರ ಗ್ರೀಸಿನ ಮೊದಲ ಬಂದರಾದದ್ದು ಹೇಗೆ? ಒಂದು ಕಾರಣ ಭೂಗೋಳ. ಪಶ್ಚಿಮದಿಂದ ಇಸ್ತಾಂಬುಲ್, ಸ್ಮಿರ್ನಾ, ಕಪ್ಪು ಸಮುದ್ರಕ್ಕೆ ಹೋಗುವ ಹಡಗುಗಳು ಪೆಲೊಪೊನ್ನೀಸಿನ ದಕ್ಷಿಣದ ಭೂಶಿರಗಳನ್ನು ಬಳಸಿ ಬಂದ ಮೇಲೆ ಸೀರೋಸ್ ಹೆಚ್ಚುಕಡಿಮೆ ದಾರಿಯಲ್ಲೇ ಸಿಗುತ್ತದೆ. ಇನ್ನೊಂದು, ಇನ್ನೂ ಮುಖ್ಯವಾದದ್ದು: ಖಿಯೋಸ್‌ನವರು ಮನೆ ಕಳೆದುಕೊಂಡಿದ್ದರು, ನಂಟು ಕಳೆದುಕೊಂಡಿರಲಿಲ್ಲ. ಲಂಡನ್ನಿನಲ್ಲೊಬ್ಬ ಚಿಕ್ಕಪ್ಪ, ಮಾರ್ಸೇಲ್ಸಿನಲ್ಲೊಬ್ಬ ಭಾವ, ಟ್ರಿಯೆಸ್ತೆಯಲ್ಲೊಬ್ಬ ಅಳಿಯ, ಒಡೆಸ್ಸಾದಲ್ಲೊಬ್ಬ ದಾಯಾದಿ. ಒಡೆಸ್ಸಾದಲ್ಲಿ ಕೊಂಡ ಗೋಧಿ ಎರ್ಮೂಪೊಲಿಯ ಗೋದಾಮಿನಲ್ಲಿ ಇಳಿಯುತ್ತಿತ್ತು. ಪಶ್ಚಿಮದಲ್ಲಿ ಬೆಲೆ ಏರಿದ ಸುದ್ದಿ ಬಂದಾಗ ಮುಂದೆ ಸಾಗುತ್ತಿತ್ತು. ಇಂಗ್ಲೆಂಡಿನ ಹತ್ತಿಬಟ್ಟೆ ಬೇಲುಗಟ್ಟಲೆ ಇಲ್ಲಿಗೆ ಬಂದು ಇಲ್ಲಿಂದ ಸಣ್ಣ ದೋಣಿಗಳಲ್ಲಿ ದ್ವೀಪ ದ್ವೀಪಕ್ಕೂ ಹಂಚಿಹೋಗುತ್ತಿತ್ತು. ಇದೆಲ್ಲ ನಡೆಯುತ್ತಿದ್ದದ್ದು ಹುಂಡಿಯ ಮೇಲೆ. ಕಾಗದದ ಕೆಳಗಿನ ಸಹಿ ಯಾವ ಮನೆತನದ್ದು ಎಂದು ನೋಡಿದರೆ ಸಾಕಿತ್ತು.

ಆ ಮನೆತನಗಳಲ್ಲಿ ಒಂದರ ಹೆಸರು ಕರ್ನಾಟಕದ ರೈತರಿಗೂ ಪರಿಚಿತ. ಖಿಯೋಸ್ ಮೂಲದ ರಾಲಿ ಕುಟುಂಬದ ಸೋದರರು ಲಂಡನ್ನಿನಲ್ಲಿ ಕಟ್ಟಿದ ರ‍್ಯಾಲಿ ಬ್ರದರ್ಸ್ 1851ರಲ್ಲಿ ಕಲ್ಕತ್ತೆಯಲ್ಲಿ, 1861ರಲ್ಲಿ ಮುಂಬಯಿಯಲ್ಲಿ ಕಚೇರಿ ತೆರೆದು ಸೆಣಬು, ಹತ್ತಿ, ಎಣ್ಣೆಕಾಳುಗಳ ಭಾರಿ ವಹಿವಾಟು ನಡೆಸಿತು. ಹತ್ತಿ ಮೆಣಸಿನಕಾಯಿ ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಯ ಮೇಲೆ ಇಂದಿಗೂ ಕಾಣುವ ರ‍್ಯಾಲೀಸ್ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಇಂದು ಆ ಕಂಪನಿ ಟಾಟಾ ಸಮೂಹದಲ್ಲಿದೆ.

ಹಣ ಬಂದ ಹಾಗೆ ಊರು ಕಲ್ಲಿನಲ್ಲಿ ಎದ್ದಿತು. ಗ್ರೀಸಿನ ನ್ಯಾಷನಲ್ ಬ್ಯಾಂಕ್ ಅಥೆನ್ಸಿನಲ್ಲಿ ಹುಟ್ಟಿದ್ದು 1841ರಲ್ಲಿ. ಹೊರಗೆ ತನ್ನ ಮೊದಲ ಶಾಖೆ ತೆರೆಯಲು ಅದು ಆರಿಸಿಕೊಂಡದ್ದು ಎರ್ಮೂಪೊಲಿಯನ್ನು. ದಡದ ಉದ್ದಕ್ಕೂ ಹಡಗುಕಟ್ಟುವ ಬಡಗಿಗಳು, ಹಗ್ಗ ಹೊಸೆಯುವವರು, ಹಾಯಿ ಹೊಲಿಯುವವರು, ಡಾಂಬರು ಕಾಯಿಸುವವರು ತುಂಬಿಕೊಂಡರು. ಚರ್ಮ ಹದ ಮಾಡುವ ಕಾರ್ಖಾನೆಗಳು ಬಂದವು. 1850ರ ದಶಕದಲ್ಲಿ ಗ್ರೀಸಿನ ಮೊದಲ ಉಗಿಹಡಗು ಕಂಪನಿ ಇಲ್ಲಿ ಶುರುವಾಯಿತು. ಅದರ ಹಡಗುಗಳ ದುರಸ್ತಿಗೆಂದು 1861ರಲ್ಲಿ ನಿಯೋರಿಯೊನ್ ಕಾರ್ಯಾಗಾರ ಎದ್ದಿತು.

ದೊಡ್ಡ ಉಗಿಹಡಗುಗಳು ಇಲ್ಲಿ ನಿಂತು ಪ್ರಯಾಣಿಕರನ್ನು ಬದಲಾಯಿಸುತ್ತಿದ್ದವು. ಹಾಗಾಗಿ 19ನೇ ಶತಮಾನದಲ್ಲಿ ಪೂರ್ವಕ್ಕೆ ಹೊರಟ ಯುರೋಪಿಯನ್ನರಿಗೆ ಈ ದಕ್ಕೆ ಕಾಣದೆ ವಿಧಿಯಿರಲಿಲ್ಲ. ಡೆನ್ಮಾರ್ಕಿನ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1841ರಲ್ಲಿ ಇಲ್ಲಿ ಹಡಗು ಬದಲಿಸಿದ. ‘ಮೊಬಿ ಡಿಕ್’ ಬರೆದ ಹರ್ಮನ್ ಮೆಲ್ವಿಲ್ 1856ರ ಡಿಸೆಂಬರಿನಲ್ಲಿ ಬಂದ. ದಡದಲ್ಲಿ ರಾಶಿಬಿದ್ದ ಸರಕು, ಕೂಗಾಟ, ಬಣ್ಣಬಣ್ಣದ ಉಡುಪಿನ ಜನ ಅವನ ಮನಸ್ಸಿನಲ್ಲಿ ಎಷ್ಟು ಉಳಿಯಿತೆಂದರೆ, ಮೂವತ್ತೈದು ವರ್ಷದ ನಂತರ ಪ್ರಕಟವಾದ ಸಂಕಲನದಲ್ಲಿ ಸೀರೋಸ್ ಬಗ್ಗೆ ಒಂದು ಕವಿತೆಯೇ ಇದೆ. ಪ್ಲೇಗು, ಕಾಲರಾ ಭಯದ ಕಾಲ. ಪೂರ್ವದಿಂದ ಬಂದವರನ್ನು ಕೊಲ್ಲಿಯ ಆಚೆ ಬದಿಯ ಲಜರೆಟ್ಟೊ ಎಂಬ ಕ್ವಾರಂಟೈನ್ ಕಟ್ಟಡದಲ್ಲಿ ದಿನಗಟ್ಟಲೆ ಇರಿಸಿಕೊಂಡು ಆಮೇಲೆ ಒಳಗೆ ಬಿಡುತ್ತಿದ್ದರು. ಅದರ ಛಾವಣಿಯಿಲ್ಲದ ಕಮಾನುಗಳು ಇಂದಿಗೂ ನಿಂತಿವೆ.

ಈ ಜನ ಗಳಿಕೆಯನ್ನು ಖರ್ಚು ಮಾಡಿದ ರೀತಿ ಗಮನಿಸಬೇಕು. 1833ರಲ್ಲಿ, ದೇಶಕ್ಕೆ ರಾಜ ಬಂದ ವರ್ಷವೇ, ಇಲ್ಲಿ ಪ್ರೌಢಶಾಲೆ ಶುರುವಾಯಿತು. ಖಿಯೋಸ್‌ನ ಹೆಸರಾಂತ ಗುರು, ಪಾದ್ರಿ ನಿಯೋಫಿಟೋಸ್ ವಾಮ್ವಾಸ್ ಅದರ ಮುಖ್ಯಸ್ಥನಾದ. ಕ್ರೀಟ್‌ನಿಂದ ಬಂದ ಕುಟುಂಬವೊಂದರ ಹುಡುಗ 1880ರಲ್ಲಿ ಇಲ್ಲಿ ಓದು ಮುಗಿಸಿದ. ಮುಂದೆ ಅವನು ಗ್ರೀಸಿನ ಪ್ರಧಾನಿ ಎಲೆಫ್ತೇರಿಯೋಸ್ ವೆನಿಜೆಲೋಸ್. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೊದಲ ಅಧ್ಯಕ್ಷ ದಿಮಿತ್ರಿಯೋಸ್ ವಿಕೆಲಾಸ್ ಹುಟ್ಟಿದ್ದು ಇಲ್ಲೇ, 1835ರಲ್ಲಿ. ಅವನು ಅಧ್ಯಕ್ಷನಾಗಿದ್ದಾಗಲೇ 1896ರ ಅಥೆನ್ಸ್ ಕ್ರೀಡಾಕೂಟ ನಡೆದದ್ದು.

1864ರ ಏಪ್ರಿಲ್ 20ರಂದು ಅಪೊಲೊನ್ ರಂಗಮಂದಿರ ತೆರೆಯಿತು. ನಕ್ಷೆ ಇಟಲಿಯ ಪಿಯೆತ್ರೊ ಸಾಂಪೊನದು. ಮೊದಲ ಆಟ ವೆರ್ದಿಯ ‘ರಿಗೊಲೆಟ್ಟೊ’, ಆಡಿದ್ದು ಇಟಲಿಯ ಒಪೆರಾ ತಂಡ. ಒಳಗೆ ಕುದುರೆಲಾಳದ ಆಕಾರದಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಖಾಸಗಿ ಬಾಲ್ಕನಿಗಳು. ಅಲ್ಲಿ ಕುಳಿತ ಹಿರಿಯರಲ್ಲಿ ಹಲವರು ನಾಲ್ಕು ದಶಕದ ಹಿಂದೆ, ಮಕ್ಕಳಾಗಿ, ತಾಯಿಯ ಕೈ ಹಿಡಿದು ಉಟ್ಟಬಟ್ಟೆಯಲ್ಲಿ ಇದೇ ದಡಕ್ಕೆ ಇಳಿದ ತಲೆಮಾರಿನವರು.

ತಾವು ನಿರಾಶ್ರಿತರಾಗಿದ್ದನ್ನು ಊರು ಮರೆಯಲಿಲ್ಲ. 1866ರಲ್ಲಿ ಕ್ರೀಟ್ ದಂಗೆ ಎದ್ದಾಗ ಅಲ್ಲಿಂದ ಓಡಿ ಬಂದವರಿಗೆ ಸೀರೋಸ್ ಜಾಗ ಕೊಟ್ಟಿತು. ಮದ್ದುಗುಂಡು, ಅಕ್ಕಿ ಹಿಟ್ಟು ತುಂಬಿದ ವೇಗದ ಉಗಿಹಡಗುಗಳು ಒಟ್ಟೊಮನ್ ದಿಗ್ಬಂಧನ ತಪ್ಪಿಸಿಕೊಂಡು ಇಲ್ಲಿಂದ ಕ್ರೀಟ್‌ಗೆ ಹೋಗಿಬರುತ್ತಿದ್ದವು. 1868ರ ಡಿಸೆಂಬರಿನಲ್ಲಿ ‘ಎನೋಸಿಸ್’ ಎಂಬ ಹಡಗನ್ನು ಒಟ್ಟೊಮನ್ ನೌಕಾದಳದ ಹೋಬಾರ್ಟ್ ಪಾಷಾ ಅಟ್ಟಿಸಿಕೊಂಡು ಬಂದ. ಅವನು ಹುಟ್ಟಿನಿಂದ ಇಂಗ್ಲೆಂಡಿನವನು, ಸುಲ್ತಾನನ ಸೇವೆಯಲ್ಲಿದ್ದವನು. ಎನೋಸಿಸ್ ಕೊಲ್ಲಿಯೊಳಗೆ ನುಗ್ಗಿ ಪಾರಾಯಿತು. ಪಾಷಾ ಬಂದರಿನ ಬಾಯಿಗೆ ಅಡ್ಡ ನಿಂತ. ಊರಿನ ಜನವೆಲ್ಲ ದಡದಲ್ಲಿ. ಯುದ್ಧವೇ ಆಗಬಹುದೆಂಬ ಸ್ಥಿತಿ ಬಂದು, 1869ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ಯುರೋಪಿನ ದೊಡ್ಡ ದೇಶಗಳು ಸಭೆ ಸೇರಿ ಗ್ರೀಸಿನ ಕೈಕಟ್ಟಿದವು. ಕ್ರೀಟ್‌ನ ಆ ದಂಗೆ ಅಲ್ಲಿಗೆ ಸೋತಿತು.

1876ರಲ್ಲಿ ಎರ್ಮೂಪೊಲಿ ತನಗೊಂದು ಪುರಭವನ ಕಟ್ಟಲು ಹೊರಟಿತು. ನಕ್ಷೆ ಮಾಡಿದವನು ಅಥೆನ್ಸಿನ ಅರ್ಧ ಮುಖವನ್ನೇ ರೂಪಿಸಿದ ಜರ್ಮನ್ ಮೂಲದ ವಾಸ್ತುಶಿಲ್ಪಿ ಅರ್ನೆಸ್ಟ್ ಜಿಲ್ಲರ್. ಅಮೃತಶಿಲೆ ಹಾಸಿದ ಚೌಕದಿಂದ ಅಗಲವಾದ ಮೆಟ್ಟಿಲುಸಾಲು ಮೇಲೇರುತ್ತದೆ. ಮೇಲೆ ಒಂದೊಂದು ಅಂತಸ್ತಿಗೆ ಒಂದೊಂದು ಬಗೆಯ ಕಂಬಗಳು. ಕಲ್ಲಿನ ಕೆಲಸಕ್ಕೆ ಈ ಕಡೆ ಹೆಸರಾದವರು ಪಕ್ಕದ ಟೀನೋಸ್ ದ್ವೀಪದ ಶಿಲ್ಪಿಗಳು. ಅವರಲ್ಲೊಬ್ಬನಾದ ಜಾರ್ಜಿಯೋಸ್ ವಿಟಾಲಿಸ್ ಈ ಊರಲ್ಲೇ ಕಾರ್ಯಾಗಾರ ಇಟ್ಟಿದ್ದ. ಸಂತ ನಿಕೊಲಾಸನ ಚರ್ಚಿನ ಮುಂದೆ ಇರುವ, ಹೂಳಲು ದೇಹವೂ ಸಿಗದೆ ಹೋದ ಹೋರಾಟಗಾರನ ಸ್ಮಾರಕ ಅವನ ಕೈಯದು.

ಪುರಭವನ ಮುಗಿದದ್ದು 1898ರಲ್ಲಿ. ಅಷ್ಟರಲ್ಲಿ ಅದನ್ನು ಕಟ್ಟಿಸಿದ ವ್ಯಾಪಾರವೇ ಕೈಬಿಟ್ಟು ಹೋಗುತ್ತಿತ್ತು. 1893ರಲ್ಲಿ ಕೊರಿಂತ್ ಕಾಲುವೆ ತೆರೆಯಿತು. ಆರೂವರೆ ಕಿಲೋಮೀಟರಿನಷ್ಟು ಬಂಡೆ ಕೊರೆದು ಮಾಡಿದ ಆ ದಾರಿಯಿಂದಾಗಿ ಆಡ್ರಿಯಾಟಿಕ್ ಕಡೆಯ ಹಡಗುಗಳು ಪೆಲೊಪೊನ್ನೀಸನ್ನು ಸುತ್ತದೆ ನೇರವಾಗಿ ಅಥೆನ್ಸಿನ ಬಂದರಾದ ಪಿರೇಯಸ್‌ಗೆ ಬರಬಹುದಾಯಿತು. ಬರೀ ಕಾಲುವೆಯೇ ಕಾರಣವಲ್ಲ. ದೊಡ್ಡ ಹಡಗುಗಳಿಗೆ ಅದು ಇಕ್ಕಟ್ಟು. ಹಾಯಿಹಡಗು ಹೋಗಿ ಉಗಿಹಡಗು ಬಂದ ಮೇಲೆ ನಡುದಾರಿಯ ತಂಗುದಾಣಗಳ ಅಗತ್ಯವೇ ಕಡಿಮೆಯಾಗಿತ್ತು. 1869ರಿಂದ ಅಥೆನ್ಸಿಗೂ ಪಿರೇಯಸ್‌ಗೂ ರೈಲಿತ್ತು. ರಾಜಧಾನಿ ಬೆಳೆದಂತೆ ಅದರ ಬಂದರೂ ಬೆಳೆಯಿತು. ಕಾಲುವೆ ತೆರೆದ ವರ್ಷವೇ ಗ್ರೀಸ್ ಸರ್ಕಾರ ಸಾಲ ತೀರಿಸಲಾಗದೆ ದಿವಾಳಿ ಘೋಷಿಸಿತು. ಬಲ್ಲ ವರ್ತಕರು ಗಂಟುಮೂಟೆ ಕಟ್ಟಿ ಪಿರೇಯಸ್ ಸೇರಿದರು. ಉಳಿದವರು ನೂಲಿನ ಗಿರಣಿಗಳಿಗೆ ಬಂಡವಾಳ ಹಾಕಿದರು.

ಆ ಗಿರಣಿಯೊಂದರಲ್ಲಿ ದುಡಿದ ಹುಡುಗನೊಬ್ಬನಿಂದ ಸೀರೋಸ್‌ನ ಹೆಸರು ಗ್ರೀಸಿನ ಮನೆಮನೆಯಲ್ಲೂ ಉಳಿಯಿತು. ಮಾರ್ಕೋಸ್ ವಾಮ್ವಕಾರಿಸ್ 1905ರಲ್ಲಿ ಆನೊ ಸೀರೋಸ್‌ನ ಬಡ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ. ಹನ್ನೆರಡನೇ ವಯಸ್ಸಿಗೆ ಮನೆಬಿಟ್ಟು ಪಿರೇಯಸ್‌ಗೆ ಹೋಗಿ ಕಲ್ಲಿದ್ದಲು ಹೊತ್ತ, ಕಸಾಯಿಖಾನೆಯಲ್ಲಿ ದುಡಿದ. ಅಲ್ಲಿ ಬೂಜೂಕಿ ಎಂಬ ತಂತಿವಾದ್ಯ ಕಿವಿಗೆ ಬಿದ್ದದ್ದೇ ಬದುಕು ಬೇರೆಯಾಯಿತು. ಬಂದರಿನ ಕೂಲಿಗಳ, ಹೊರಗಟ್ಟಿದವರ ಹಾಡಾಗಿದ್ದ ರೆಬೆಟಿಕೊ ಸಂಗೀತಕ್ಕೆ ಅವನನ್ನು ಪಿತಾಮಹ ಎನ್ನುತ್ತಾರೆ. ಸೀರೋಸ್‌ನ ಕ್ಯಾಥೊಲಿಕ್ ಹುಡುಗಿಯೊಬ್ಬಳ ಮೇಲೆ 1935ರಲ್ಲಿ ಅವನು ಕಟ್ಟಿದ ‘ಫ್ರಾಂಗೊಸಿರಿಯಾನಿ’ ಹಾಡು ಗೊತ್ತಿಲ್ಲದ ಗ್ರೀಕರು ವಿರಳ. ಆನೊ ಸೀರೋಸ್‌ನ ಓಣಿಯಲ್ಲಿ ಈಗ ಅವನ ಪ್ರತಿಮೆಯೂ ಪುಟ್ಟ ವಸ್ತುಸಂಗ್ರಹಾಲಯವೂ ಇವೆ.

ಎರಡನೇ ಮಹಾಯುದ್ಧದಲ್ಲಿ ಊರಿಗೆ ಮತ್ತೆ ಘೋರ ಕಾಲ ಬಂತು. 1941ರಲ್ಲಿ ಇಟಲಿಯ ಸೈನ್ಯ ದ್ವೀಪ ಹಿಡಿಯಿತು. ಹೊರಗಿನಿಂದ ಧಾನ್ಯ ಬರದಿದ್ದರೆ ಬದುಕಲಾಗದ ಬಂಡೆನೆಲ ಇದು. ದಿಗ್ಬಂಧನದಿಂದ ಹಡಗುಗಳು ನಿಂತವು. 1941–42ರ ಚಳಿಗಾಲದ ಹಸಿವಿಗೆ ಸಾವಿರಾರು ಜನ ಬಲಿಯಾದರು. ಒಂದು ಕಾಲಕ್ಕೆ ಅರ್ಧ ಏಜಿಯನ್ನಿಗೆ ಗೋಧಿ ಹಂಚಿದ ಗೋದಾಮುಗಳು ಖಾಲಿಯಿದ್ದವು.

ಯುದ್ಧದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1970ರ ದಶಕದಲ್ಲಿ ಇಲ್ಲಿ ಎನ್‌ಫೀಲ್ಡ್ 8000 ಎಂಬ ವಿದ್ಯುತ್ ಕಾರು ತಯಾರಾಯಿತು ಎಂದರೆ ನಂಬಲು ಸಮಯ ಬೇಕಾಗುತ್ತದೆ. ಸೀಸದ ಬ್ಯಾಟರಿಯಿಂದ ಓಡುವ, ಇಬ್ಬರು ಕೂರುವ ಆ ಪುಟ್ಟ ಕಾರು ಸುಮಾರು 120ರಷ್ಟು ತಯಾರಾಗಿ ನಿಂತುಹೋಯಿತು. ಊರಿನ ಕೈಗಾರಿಕಾ ವಸ್ತುಸಂಗ್ರಹಾಲಯಕ್ಕೆ ಹೋದವರು ಅದನ್ನು ನೋಡಬಹುದು.

1983ರಲ್ಲಿ ನಡೆದ ಒಂದು ಘಟನೆ ಮಾತ್ರ ಊರಿನ ಆರಂಭದ ದಿನಗಳಿಗೇ ಕರೆದೊಯ್ಯುತ್ತದೆ. ಪ್ಸಾರಾದವರು 1828–29ರಲ್ಲಿ ಕಟ್ಟಿದ ಮಾತೆ ಮರಿಯಳ ಚರ್ಚಿನಲ್ಲಿ ಒಂದು ಹಳೆಯ ಮರದ ಹಲಗೆಯ ಚಿತ್ರವಿತ್ತು. ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲ. ಮಂಚದ ಮೇಲೆ ಮಲಗಿದ ಮರಿಯಳ ಅಂತಿಮ ನಿದ್ರೆ. ಸುತ್ತ ಅಪೊಸ್ತಲರು ಗುಂಪುಗೂಡಿದ್ದಾರೆ. ಮಗ ಯೇಸು ತಾಯಿಯ ಮೇಲೆ ಬಾಗಿದ್ದಾನೆ. ಮೊಟ್ಟೆಯ ಹಳದಿ ಲೋಳೆಯಲ್ಲಿ ಕಲಸಿದ ಬಣ್ಣ, ಚಿನ್ನದ ಹಿನ್ನೆಲೆ. ಭಕ್ತರು ಇದಕ್ಕೆ ಕೈಮುಗಿದು, ಮುತ್ತಿಟ್ಟು, ಮೇಣದಬತ್ತಿ ಹಚ್ಚಿ ಹೋಗುತ್ತಿದ್ದರು. ಆ ವರ್ಷ ಪುರಾತತ್ವಜ್ಞ ಜಾರ್ಜಿಯೋಸ್ ಮಾಸ್ಟೊರೊಪೌಲೋಸ್ ಅದನ್ನು ಪರಿಶೀಲಿಸುವಾಗ, ಮುಂದಿನ ಸಾಲಿನ ನಡುವಣ ದೀಪಸ್ತಂಭದ ಬುಡದಲ್ಲಿ ಸಹಿ ಕಾಣಿಸಿತು: ದೊಮೆನಿಕೋಸ್ ಥಿಯೊಟೊಕೊಪೌಲೋಸ್. ಸ್ಪೇನಿನಲ್ಲಿ ಎಲ್ ಗ್ರೆಕೊ ಎಂದು ಜಗತ್ಪ್ರಸಿದ್ಧನಾದ ಚಿತ್ರಕಾರ. 1567ರ ಸುಮಾರಿಗೆ ವೆನಿಸ್ಸಿಗೆ ಹೊರಡುವ ಮೊದಲು, ಕ್ರೀಟ್‌ನಲ್ಲಿ ಯುವಕನಾಗಿದ್ದಾಗ ಬಿಡಿಸಿದ್ದು.

ಪ್ಸಾರಾದ ನಿರಾಶ್ರಿತರು ಅದನ್ನು ಹೊತ್ತು ತಂದಿರಬೇಕೆಂದು ಪಂಡಿತರ ಅಭಿಪ್ರಾಯ. ಊರು ಸುಡುತ್ತಿರುವಾಗ ಯಾರೋ ಒಬ್ಬರು ಪಾತ್ರೆಪಗಡೆ ಬಿಟ್ಟು ಈ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡಿರಬೇಕು. ಬಿಡಿಸಿದವನ ಹೆಸರಾಗಲಿ ಬೆಲೆಯಾಗಲಿ ಅವರ ಲೆಕ್ಕದಲ್ಲಿ ಇದ್ದಿರಲಾರದು. ಅದು ಅವರ ಊರಿನ ದೇವರು. ಚಿತ್ರ ಇವತ್ತೂ ಅದೇ ಚರ್ಚಿನ ಪ್ರವೇಶ ಮಂಟಪದಲ್ಲಿದೆ.

ಊರಿನಿಂದ ಉತ್ತರಕ್ಕೆ ಹೋದರೆ ದ್ವೀಪ ಬರಡಾಗುತ್ತದೆ. ಅಲ್ಲಿ ಖಲಂದ್ರಿಯಾನಿ ಎಂಬಲ್ಲಿ 1898ರ ಹೊತ್ತಿಗೆ ಕ್ರಿಸ್ಟೋಸ್ ತ್ಸೂಂಟಾಸ್ ಅಗೆದಾಗ ಕ್ರಿಸ್ತಪೂರ್ವ ಮೂರನೇ ಸಹಸ್ರಮಾನದ 600ಕ್ಕೂ ಹೆಚ್ಚು ಗೋರಿಗಳು ಸಿಕ್ಕಿದವು. ಅವುಗಳಲ್ಲಿ ಹಿಡಿಯಿರುವ ಚಪ್ಪಟೆ ಮಣ್ಣಿನ ಪಾತ್ರೆಗಳಿದ್ದವು, ನೋಡಲು ಬಾಣಲೆಯಂತೆ. ಏತಕ್ಕೆ ಬಳಸುತ್ತಿದ್ದರೆಂದು ಇನ್ನೂ ತೀರ್ಮಾನವಾಗಿಲ್ಲ. ಕೆಲವುಗಳ ಮೇಲೆ ಸುರುಳಿ ಸುರುಳಿ ಅಲೆಗಳ ನಡುವೆ ಹುಟ್ಟುಗಳ ಸಾಲಿರುವ ಉದ್ದನೆಯ ದೋಣಿ, ಎತ್ತರದ ತುದಿಯಲ್ಲಿ ಒಂದು ಮೀನು. ಹತ್ತಿರದ ಕಸ್ತ್ರಿಯಲ್ಲಿ ಅದೇ ಸಹಸ್ರಮಾನದ ಕೋಟೆಗೋಡೆಗಳಿವೆ. ಸಮುದ್ರದಿಂದ ಬದುಕುವುದು, ಸಮುದ್ರದಿಂದ ಬರುವವರಿಗೆ ಹೆದರುವುದು, ಎರಡೂ ಈ ದ್ವೀಪದಲ್ಲಿ ಅಷ್ಟು ಹಳೆಯವು.

ಪಿರೇಯಸ್‌ನಿಂದ ಹಡಗು ಹತ್ತಿದವರು ನಾಲ್ಕು ಗಂಟೆಯೊಳಗೆ ಎರ್ಮೂಪೊಲಿ ತಲುಪುತ್ತಾರೆ. ಬರುವವರಿಗೆ ಮೊದಲು ಕಾಣುವುದು ಎರಡು ಗುಡ್ಡಗಳು, ಎರಡು ಶಿಖರಗಳ ಮೇಲೆ ಎರಡು ಪಂಥಗಳ ಚರ್ಚು. ಬೇರೆಡೆ ಕ್ಯಾಥೊಲಿಕರ ಈಸ್ಟರ್ ಒಂದು ದಿನ, ಆರ್ಥೊಡಾಕ್ಸರದು ಇನ್ನೊಂದು ದಿನ ಬರುವುದುಂಟು. ಸೀರೋಸ್‌ನಲ್ಲಿ ಎರಡೂ ಕಡೆಯವರು ಒಂದೇ ದಿನ ಆಚರಿಸುತ್ತಾರೆ. ಅಪೊಲೊನ್ ರಂಗಮಂದಿರ ದಶಕಗಳ ಕಾಲ ಶಿಥಿಲವಾಗಿದ್ದು ದುರಸ್ತಿಯ ನಂತರ 2000ದಲ್ಲಿ ಮತ್ತೆ ಬಾಗಿಲು ತೆರೆಯಿತು. ಏಜಿಯನ್ ವಿಶ್ವವಿದ್ಯಾಲಯದ ಉತ್ಪನ್ನ ವಿನ್ಯಾಸ ವಿಭಾಗ ಈ ಊರಲ್ಲೇ ಇದೆ. ಸುತ್ತಲಿನ ದ್ವೀಪಗಳೆಲ್ಲ ಪ್ರವಾಸಿಗರನ್ನೇ ನೆಚ್ಚಿ, ಚಳಿಗಾಲ ಬಂದರೆ ಬಾಗಿಲು ಹಾಕುವಾಗ, ಕಚೇರಿ, ನ್ಯಾಯಾಲಯ, ಆಸ್ಪತ್ರೆಗಳಿರುವ ಈ ಊರು ವರ್ಷವಿಡೀ ತನ್ನ ಕೆಲಸದಲ್ಲಿರುತ್ತದೆ. ನಿಯೋರಿಯೊನ್ ಕಾರ್ಯಾಗಾರ ಕೆಲಕಾಲ ಸ್ತಬ್ಧವಾಗಿದ್ದು 2018ರಲ್ಲಿ ಹೊಸ ಮಾಲೀಕರ ಕೈಗೆ ಬಂದಿತು. ಈಗ ಅಲ್ಲಿ ಸರಕು ಹಡಗುಗಳು ಸಾಲುಗಟ್ಟಿ ಬಂದು ತುಕ್ಕು ಕೆರೆಸಿಕೊಂಡು, ತಳಕ್ಕೆ ಬಣ್ಣ ಬಳಿಸಿಕೊಂಡು ಹೋಗುತ್ತವೆ.